ಟ್ಯಾಂಕ್ ಬರಲಿಲ್ಲ, ಗೆಜೆಟ್ ಬಂತು: ಓದುಗರ ಪ್ರಶ್ನೆಗೆ ಉತ್ತರ

ಹೋದ ಸಂಚಿಕೇಲಿ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಅಧ್ಯಕ್ಷನಾಗಿದ್ದ ಹ್ಯೂಗೊ ಚಾವೆಜ್ ಬಗ್ಗೆ ಅರ್ಧ ಪುಟದ ಬರಹ ಹಾಕಿದ್ವಿ. 2008ರ ನವೆಂಬರ್ 23ಕ್ಕೆ ಅಲ್ಲಿ ರಾಜ್ಯಗಳ ಎಲೆಕ್ಷನ್ ಇತ್ತು, ಅದಕ್ಕೆ ಮುಂಚೆ ಎರಡು ಮೂರು ತಿಂಗಳು ಆ ಮನುಷ್ಯ ಊರೂರು ತಿರುಗಿ ವಿರೋಧಿಗಳಿಗೂ, ತನ್ನ ಜೊತೇಲೇ ಇದ್ದ ಪಕ್ಷಗಳಿಗೂ ಹಿಗ್ಗಾಮುಗ್ಗಾ ಬೈದಿದ್ದ, ಅದರ ಕಥೆ. ಎಷ್ಟೋ ಜನ ಪತ್ರ ಬರೆದಿದ್ದೀರಿ, ಕೆಲವರು ವಾಟ್ಸಾಪಲ್ಲೇ ಜಗಳಕ್ಕೂ ಬಂದಿದ್ದೀರಿ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ.

ಬೈದ ಬೈದ ಅಂತ ಬರೆದಿದ್ದೀರಿ, ಏನಂತ ಬೈದ ಅಂತ ಬರೆದೇ ಇಲ್ಲವಲ್ಲ ಸ್ವಾಮಿ? ಒಂದೆರಡು ಸ್ಯಾಂಪಲ್ ಆದ್ರೂ ಕೊಡಿ.
*– ಓದುಗರು, ಚಿಂತಾಮಣಿ*

ಕೊಡೋಣ, ಆದ್ರೆ ಎಲ್ಲಾನೂ ಪ್ರಿಂಟ್ ಮಾಡಕ್ಕಾಗಲ್ಲ, ಮನೆಮಂದಿ ಎಲ್ಲ ಓದೋ ಪತ್ರಿಕೆ ಇದು.

ಸೆಪ್ಟೆಂಬರ್ 11ನೇ ತಾರೀಕು, ಪುಯೆರ್ಟೊ ಕಾಬೆಯೊ ಅನ್ನೋ ಬಂದರು ಪಟ್ಟಣದ ಸಭೆ. ತನ್ನ ಪಕ್ಷದ ಕ್ಯಾಂಡಿಡೇಟುಗಳ ಪ್ರಚಾರಕ್ಕೆ ಬಂದವನು ಮೈಕ್ ಹಿಡಿದು ಅಮೆರಿಕದ ರಾಯಭಾರಿ ಪ್ಯಾಟ್ರಿಕ್ ಡಡ್ಡಿಗೆ 72 ಗಂಟೇಲಿ ದೇಶ ಬಿಡಬೇಕು ಅಂದ, ಅಂದು ಸುಮ್ಮನಾಗದೆ ಯಾಂಕಿಗಳಿಗೆ, ಅಂದ್ರೆ ಅಮೆರಿಕದವರಿಗೆ, ನೂರು ಸಲ ಹಾಳಾಗಿ ಹೋಗಿ ಅಂತ ಹೇಳಿ ಒಂದು ಹೊಲಸು ಪದಾನೂ ಸೇರಿಸಿದ. ಹಿಂದಿನ ದಿನ ಬೊಲಿವಿಯಾ ತನ್ನಲ್ಲಿದ್ದ ಅಮೆರಿಕದ ರಾಯಭಾರೀನ ಹೊರಗೆ ಹಾಕಿತ್ತು, ಅದಕ್ಕೆ ಬೆಂಬಲ ಅನ್ನೋದು ನೆಪ. ವಾರ ಕಳೆಯೋದ್ರೊಳಗೆ ಮಾನವ ಹಕ್ಕು ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್‌ನ ಹೊಸೆ ಮಿಗೆಲ್ ವಿವಾಂಕೊ ರಾಜಧಾನಿ ಕರಾಕಸ್‌ನಲ್ಲಿ ಸರ್ಕಾರದ ವಿರುದ್ಧ ಒಂದು ವರದಿ ಬಿಡುಗಡೆ ಮಾಡಿದ, ಅವತ್ತು ರಾತ್ರೀನೇ ಅವನನ್ನ ವಿಮಾನ ಹತ್ತಿಸಿ ಕಳಿಸಿಬಿಟ್ರು.

ಇದು ಹೊರಗಿನವರಿಗೆ. ಒಳಗಿನವರ ಪೈಕಿ ಮುಖ್ಯ ಟಾರ್ಗೆಟ್ ಮಾನುಯೆಲ್ ರೊಸಾಲೆಸ್. ಕಚ್ಚಾ ಎಣ್ಣೆ ಸಿಗೋ ಸೂಲಿಯಾ ರಾಜ್ಯದ ಗವರ್ನರ್, 2006ರ ಅಧ್ಯಕ್ಷ ಚುನಾವಣೇಲಿ ಚಾವೆಜ್ ಎದುರು ನಿಂತು ಸೋತವನು, ಈ ಸಲ ಮಾರಕೈಬೊ ನಗರದ ಮೇಯರ್ ಆಗೋಕೆ ನಿಂತಿದ್ದ. ಅಕ್ಟೋಬರ್ ಕೊನೇಲಿ ಚಾವೆಜ್ ಅವನ ರಾಜ್ಯಕ್ಕೇ ಹೋಗಿ ರೊಸಾಲೆಸ್‌ನ ಜೈಲಿಗೆ ಹಾಕೋದು ಅಂತ ತೀರ್ಮಾನ ಮಾಡಿದೀನಿ ಅಂತ ಘೋಷಿಸಿದ. ಕೋರ್ಟು ತೀರ್ಮಾನ ಮಾಡುತ್ತೆ ಅಂತ ಅಲ್ಲ, ನಾನು ತೀರ್ಮಾನ ಮಾಡಿದೀನಿ ಅಂತ! ನನಗೆ ಆ ಹೊಲಸು ಪದಕ್ಕಿಂತ ಇದೇ ಜಾಸ್ತಿ ಕೆಟ್ಟದಾಗಿ ಕಾಣುತ್ತೆ.

ಇನ್ನೊಂದು ನವೆಂಬರ್‌ದು, ಕಾರಾಬೊಬೊ ರಾಜ್ಯದಲ್ಲಿ ಹೇಳಿದ್ದು. ನೀವು ಹಳೇ ಶ್ರೀಮಂತರ ಗುಂಪನ್ನ ಮತ್ತೆ ಗೆಲ್ಲಿಸಿದ್ರೆ ಕ್ರಾಂತಿ ಸರ್ಕಾರ ಉಳಿಸ್ಕೊಳ್ಳೋಕೆ ನಾನು ಟ್ಯಾಂಕ್ ಹೊರಗೆ ತೆಗೀಬೇಕಾಗಬಹುದು ಅನ್ನೋ ಧಾಟೀಲಿ ಮಾತಾಡಿದ (ತನ್ನ ಆಡಳಿತಕ್ಕೆ ಅವನು ಕ್ರಾಂತಿ ಅಂತಲೇ ಹೇಳ್ತಿದ್ದ). ಆ ರಾಜ್ಯದ ರಾಜಧಾನಿ ವಲೆನ್ಸಿಯಾದಲ್ಲೇ ಸೇನೆಯ ಟ್ಯಾಂಕ್ ಬ್ರಿಗೇಡ್ ಇರೋದು, ಹಾಗಾಗಿ ಯಾವ ಟ್ಯಾಂಕು ಅಂತ ಭಾಷಣಕ್ಕೆ ಬಂದಿದ್ದ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿನ ಗವರ್ನರ್ ಅಂದ್ರೆ ನಮ್ಮ ರಾಜಭವನದಲ್ಲಿ ಇರೋರ ಥರಾನಾ? ಅವರಿಗ್ಯಾಕೆ ಎಲೆಕ್ಷನ್ನು?
*– ಪಿಯುಸಿ ವಿದ್ಯಾರ್ಥಿನಿ, ಹಾಸನ*

ಅಲ್ಲಮ್ಮ, ಅವರು ನಮ್ಮ ಮುಖ್ಯಮಂತ್ರಿ ಇದ್ದಹಾಗೆ, ಜನಾನೇ ನೇರವಾಗಿ ವೋಟ್ ಹಾಕಿ ಆರಿಸ್ತಾರೆ. 1989ರ ತನಕ ಅಧ್ಯಕ್ಷನೇ ನೇಮಿಸ್ತಿದ್ದ, ಆಮೇಲೆ ಚುನಾವಣೆ ಶುರುವಾಯ್ತು. 2008ರಲ್ಲಿ 22 ರಾಜ್ಯಕ್ಕೆ ಗವರ್ನರು, ಜೊತೆಗೆ ಮುನ್ನೂರಕ್ಕೂ ಹೆಚ್ಚು ಊರಿಗೆ ಮೇಯರ್, ಎಲ್ಲಾ ಒಂದೇ ದಿನ. ಆದ್ರೆ ದುಡ್ಡಿನ ಗಂಟು ಮಾತ್ರ ಕೇಂದ್ರದ ಕೈಲಿ. ದೇಶದ ಆದಾಯ ಬಹುಪಾಲು ಎಣ್ಣೆಯಿಂದ ಬರ್ತಿತ್ತು, ಎಣ್ಣೆ ಕಂಪನಿ ಸರ್ಕಾರದ್ದು, ಸರ್ಕಾರ ಅಂದ್ರೆ ಚಾವೆಜ್. ರಾಜ್ಯಗಳಿಗೆ ಇಂತಿಷ್ಟು ಪಾಲು ಅಂತ ಸಂವಿಧಾನದಲ್ಲೇ ಇದೆ, ಅದು ಬಿಟ್ರೆ ಮಿಕ್ಕಿದ್ದು ಅಧ್ಯಕ್ಷನ ಮರ್ಜಿ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅಲ್ರೀ ಸರ, ಎದುರಿನವ್ರಿಗೆ ಬೈದ್ರ ತಿಳೀತೈತಿ, ಎಲೆಕ್ಷನ್ ಅಂದಮ್ಯಾಲೆ ಬೈಯೂದ ಇರೂದು. ಕೂಡ ಇದ್ದವ್ರಿಗ್ಯಾಕ ಬೈದಾ ಅಂತ? ಅದು ಹೊಟ್ಟಿಗೆ ಬಡಕೊಂಡಂಗ ಆತಲ್ಲ?
*– ಓದುಗರು, ಗದಗ*

ನಿಜ ಹೇಳಬೇಕಂದ್ರೆ ಇಡೀ ಪ್ರಚಾರದಲ್ಲಿ ನನಗೆ ಕುತೂಹಲ ಅನ್ನಿಸಿದ್ದೂ ಇದೇ ಭಾಗ ರೀ. ವಿರೋಧಿಗೆ ಬೈಯೋದು ಅರ್ಧ ನಾಟಕ, ಕೇಳೋರಿಗೂ ಗೊತ್ತು ಬೈಯೋನಿಗೂ ಗೊತ್ತು. ಮಿತ್ರರಿಗೆ ಬೈದಿದ್ದು ಪಕ್ಕಾ ವ್ಯವಹಾರ.

2006ರ ಡಿಸೆಂಬರಲ್ಲಿ ಸುಮಾರು 63 ಪರ್ಸೆಂಟ್ ವೋಟ್ ತಗೊಂಡು ಚಾವೆಜ್ ಮತ್ತೆ ಗೆದ್ದ. ಗೆದ್ದ ತಕ್ಷಣ ಇನ್ಮೇಲೆ ಕ್ರಾಂತಿಗೆ ಒಂದೇ ಪಕ್ಷ, ಎಲ್ಲರೂ ನಿಮ್ಮ ನಿಮ್ಮ ಬೋರ್ಡ್ ಕಿತ್ತು ಇದರೊಳಗೆ ಬನ್ನಿ ಅಂದ. ಅದೇ ಪಿಎಸ್‌ಯುವಿ, ವೆನೆಜುವೆಲಾದ ಏಕೀಕೃತ ಸಮಾಜವಾದಿ ಪಕ್ಷ. ಚಿಕ್ಕಪುಟ್ಟವರೆಲ್ಲ ಹೋಗಿ ಸೇರ್ಕೊಂಡ್ರು, ಮೂರು ಪಕ್ಷ ಮಾತ್ರ ಒಪ್ಪಲಿಲ್ಲ. ಒಂದು ಪೊದೆಮೊಸ್, ಇನ್ನೊಂದು ಪಾತ್ರಿಯಾ ಪಾರಾ ತೋದೋಸ್ ಅಂದ್ರೆ ಪಿಪಿಟಿ, ಮೂರನೇದು ಕಮ್ಯುನಿಸ್ಟ್ ಪಕ್ಷ. ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದು 1931ರಲ್ಲಿ, ಚಾವೆಜ್ ಹುಟ್ಟಿದ್ದು 1954ರಲ್ಲಿ. ಸರ್ವಾಧಿಕಾರಿಗಳ ಕಾಲದಲ್ಲಿ ಜೈಲು ಕಂಡು ಬಂದ ಪಕ್ಷಕ್ಕೆ ನಿನ್ನೆ ಮೊನ್ನೆ ಬಂದವನು ಬಾಗಿಲು ಹಾಕ್ಕೊಂಡು ಬನ್ನಿ ಅಂದ್ರೆ ಯಾರು ಬರ್ತಾರೆ ಹೇಳಿ?

ಪೊದೆಮೊಸ್ 2007ರ ಸಂವಿಧಾನ ತಿದ್ದುಪಡಿ ಟೈಮಲ್ಲೇ ಜಗಳ ಆಡಿ ಆಚೆ ಹೋಯ್ತು. ಆ ತಿದ್ದುಪಡಿ ಡಿಸೆಂಬರ್ 2ರ ಜನಮತದಲ್ಲಿ ಕೂದಲೆಳೆ ಅಂತರದಲ್ಲಿ ಬಿದ್ದೋಯ್ತು, ಚಾವೆಜ್ ವೋಟಿನಲ್ಲಿ ಸೋತಿದ್ದು ಅದೇ ಮೊದಲು, ಆ ಗಾಯ ಇನ್ನೂ ಹಸಿ ಇತ್ತು. ಮಿಕ್ಕ ಎರಡು ಪಕ್ಷ 2008ರಲ್ಲೂ ಬಹುತೇಕ ರಾಜ್ಯದಲ್ಲಿ ಚಾವೆಜ್ ಕ್ಯಾಂಡಿಡೇಟಿಗೇ ಸಪೋರ್ಟ್ ಮಾಡ್ತಿದ್ವು, ಕೆಲವು ಕಡೆ ಮಾತ್ರ ಸ್ವಂತ ಜನ ನಿಲ್ಲಿಸಿದ್ವು. ಗ್ವಾರಿಕೊ ರಾಜ್ಯದಲ್ಲಿ ಪಿಪಿಟಿ ಗವರ್ನರ್ ಎದುವಾರ್ದೊ ಮಾನ್ವಿಟ್ ತನ್ನ ಮಗಳು ಲೆನ್ನಿನ ಕಣಕ್ಕಿಳಿಸಿದ, ಅಪ್ಪ ಆದಮೇಲೆ ಮಗಳು. ಇದಕ್ಕೆ ಚಾವೆಜ್‌ಗೆ ಸಿಟ್ಟು ಬಂತು, ಸರಿ, ವಂಶದ ರಾಜಕಾರಣ ಅಂತ ಬರೋದು ನ್ಯಾಯಾನೇ. ಆದ್ರೆ ಅದೇ ಟೈಮಲ್ಲಿ ಬರೀನಾಸ್ ರಾಜ್ಯದಲ್ಲಿ ಚಾವೆಜ್‌ನ ಅಪ್ಪ ಹತ್ತು ವರ್ಷ ಗವರ್ನರ್ ಆಗಿದ್ದು ಮುಗೀತಾ ಬಂದಿತ್ತು, ಆ ಸೀಟಿಗೆ ನಿಂತಿದ್ದು ಯಾರು? ಚಾವೆಜ್‌ನ ಅಣ್ಣ ಅದಾನ್ ಚಾವೆಜ್! ಅದಾನ್ ಎದುರು ನಿಂತವನು ಹೂಲಿಯೊ ಸೆಸಾರ್ ರೆಯೆಸ್, ಅವನೂ ಮೊದಲು ಚಾವೆಜ್ ಕಡೆಯವನೇ, ಬರೀನಾಸ್ ನಗರದ ಮೇಯರು.

ಅಕ್ಟೋಬರಲ್ಲಿ ಚಾವೆಜ್ ಪಿಪಿಟಿ, ಕಮ್ಯುನಿಸ್ಟರು ಇಬ್ಬರ ಮೇಲೂ ಒಟ್ಟಿಗೆ ಬಿದ್ದ, ನಿಷ್ಠೆ ಇಲ್ಲದೋರು, ಸುಳ್ಳುಗಾರರು, ಇವರನ್ನ ರಾಜಕೀಯ ನಕ್ಷೆಯಿಂದಲೇ ಗುಡಿಸಿ ಹಾಕ್ತೀನಿ ಅಂತ. ಲೆಕ್ಕ ಏನಂದ್ರೆ, ವಿರೋಧಿಗೆ ಹೋಗೋ ವೋಟು ಎಷ್ಟು ಬೈದ್ರೂ ಇವನಿಗೆ ಬರಲ್ಲ. ಆದ್ರೆ ಚಾವೆಜ್ ಅಂದ್ರೆ ಪ್ರಾಣ, ಲೋಕಲ್ ಕ್ಯಾಂಡಿಡೇಟ್ ಕಂಡ್ರೆ ಆಗಲ್ಲ ಅನ್ನೋ ಜನ ಬೇಕಾದಷ್ಟಿದ್ರು, ಅವರಿಗೆ ಕಮ್ಯುನಿಸ್ಟ್ ಚಿಹ್ನೆಯೋ ಪಿಪಿಟಿ ಚಿಹ್ನೆಯೋ ಒಂದು ದಾರಿ ತೋರಿಸ್ತಿತ್ತು, ಅಧ್ಯಕ್ಷನಿಗೆ ಜೈ ಆದ್ರೆ ಈ ಗವರ್ನರ್ ಬೇಡ ಅಂತ. ಆ ದಾರೀನೇ ಮುಚ್ಚಬೇಕಿತ್ತು. ನನ್ನ ಕ್ಯಾಂಡಿಡೇಟಿಗೆ ಬೇಡ ಅಂದ್ರೆ ನನಗೇ ಬೇಡ ಅಂದಂಗೆ ಅಂತ ತಲೇಲಿ ಕೂರಿಸಬೇಕಿತ್ತು. ಅದಕ್ಕೇ ಬೈಗುಳ.

ಒಬ್ಬ ಅಧ್ಯಕ್ಷ ಹೀಗೆ ಬೀದೀಲಿ ನಿಂತು ಬೈತಿದ್ರೆ ಜನಕ್ಕೆ ಅಸಹ್ಯ ಆಗ್ತಿರಲಿಲ್ವಾ?
*– ನಿವೃತ್ತ ಮುಖ್ಯೋಪಾಧ್ಯಾಯರು, ಸಾಗರ*

ಅರ್ಧ ಜನಕ್ಕೆ ಆಗ್ತಿತ್ತು ಮೇಷ್ಟ್ರೇ. ಇನ್ನರ್ಧ ಜನಕ್ಕೆ ಆಹಾ ಅನ್ನಿಸ್ತಿತ್ತು. ಅದಕ್ಕೆ ಕಾರಣ ಇದೆ, ಜನ ದಡ್ಡರು ಅಂತ ತಳ್ಳಿಹಾಕೋ ಹಾಗಿಲ್ಲ.

ಚಾವೆಜ್ ಸಬಾನೆಟಾ ಅನ್ನೋ ಬಯಲುಸೀಮೆ ಊರಿನವನು, ಅಪ್ಪ ಅಮ್ಮ ಇಬ್ಬರೂ ಸ್ಕೂಲ್ ಟೀಚರ್, ಬಣ್ಣ ಕಪ್ಪು, ಮೂಲನಿವಾಸಿ ಆಫ್ರಿಕನ್ ರಕ್ತ ಎರಡೂ ಸೇರಿದ ಮುಖ. ಕರಾಕಸ್‌ನ ಸಿರಿವಂತರ ಏರಿಯಾಗಳಲ್ಲಿ ಅವನನ್ನ ಕೋತಿ ಅಂತ ಕರೀತಿದ್ರು, ಅವನ ಬೆಂಬಲಿಗರನ್ನ ದೊಂಬಿ ಗುಂಪು ಅಂತ ಕರೀತಿದ್ರು, ಗುಟ್ಟಾಗೇನಲ್ಲ. ಅಂಥಾದ್ದನ್ನ ಕೇಳಿಸ್ಕೊಂಡು ಬೆಳೆದ ಗುಡ್ಡದ ಮೇಲಿನ ಸ್ಲಂ ಜನಕ್ಕೆ, ನಮ್ಮ ಥರಾನೇ ಕಾಣೋ ಒಬ್ಬ ಅರಮನೇಲಿ ಕೂತು ತಿರುಗಿಸಿ ಬೈತಿದಾನೆ ಅಂದ್ರೆ ಅದು ಅಸಹ್ಯ ಅಲ್ಲ, ಬಾಕಿ ವಸೂಲಿ. ವಿರೋಧಿಗಳಿಗೆ ಅವನಿಟ್ಟ ಹೆಸರುಗಳು, ಬಡಕಲರು ಅನ್ನೋ ಎಸ್ಕುವಾಲಿದೊಸ್, ಅಮೆರಿಕದ ಬಾಲಬಡುಕರು ಅನ್ನೋ ಪಿತಿಯಾಂಕಿ, ಎಲ್ಲಾ ಜನರ ಬಾಯಲ್ಲಿ ಓಡಾಡ್ತಿದ್ವು.

ಜೊತೆಗೆ ತಪ್ಪಿಸ್ಕೊಳ್ಳೋಕೂ ಆಗ್ತಿರಲಿಲ್ಲ ಅನ್ನಿ. ಭಾನುವಾರ ಭಾನುವಾರ ಅಲೊ ಪ್ರೆಸಿದೆಂತೆ ಅಂತ ಟಿವಿ ಪ್ರೋಗ್ರಾಂ, ಗಂಟೆಗಟ್ಟಲೆ, ಹಾಡು ಹೇಳ್ತಿದ್ದ, ಮಂತ್ರಿಗಳನ್ನ ಅಲ್ಲೇ ಎಬ್ಬಿಸಿ ನಿಲ್ಲಿಸಿ ಕ್ಲಾಸ್ ತಗೋತಿದ್ದ. ಅದು ಸಾಲದು ಅಂತ ಕದೇನಾ ಅಂತ ಒಂದು ವ್ಯವಸ್ಥೆ, ಅಧ್ಯಕ್ಷ ಬೇಕು ಅಂದಾಗ ಎಲ್ಲಾ ಟಿವಿ ರೇಡಿಯೋ ಚಾನೆಲ್ಲು ಕಡ್ಡಾಯವಾಗಿ ಅವನ ಭಾಷಣ ಹಾಕಬೇಕು. ಸೀರಿಯಲ್ ಕ್ಲೈಮ್ಯಾಕ್ಸ್ ಬರ್ತಿದೆ ಅನ್ನೋವಾಗ ಚಾವೆಜ್ ಬಂದುಬಿಡ್ತಿದ್ದ.

ಕೊನೆಗೆ ರಿಸಲ್ಟ್ ಏನಾಯ್ತು? ಅದನ್ನೂ ಪೂರ್ತಿ ಬರೀಲಿಲ್ಲ ನೀವು.
*– ಓದುಗರು, ಕೊಳ್ಳೇಗಾಲ*

ಜಾಗ ಸಾಲಲಿಲ್ಲ, ಈಗ ತಗೊಳ್ಳಿ. 22ರಲ್ಲಿ 17 ಚಾವೆಜ್ ಪಕ್ಷಕ್ಕೆ, 5 ವಿರೋಧಿಗಳಿಗೆ. ಲೆಕ್ಕ ನೋಡಿದ್ರೆ ಭರ್ಜರಿ ಗೆಲುವು, ನಕ್ಷೆ ನೋಡಿದ್ರೆ ಕಥೇನೇ ಬೇರೆ. 2004ರಲ್ಲಿ ವಿರೋಧಿಗಳ ಹತ್ರ ಇದ್ದಿದ್ದು ಎರಡೇ ರಾಜ್ಯ. ಈಗ ಸೂಲಿಯಾ, ಮಿರಾಂಡಾ, ಕಾರಾಬೊಬೊ, ತಾಚಿರಾ, ನ್ಯೂವಾ ಎಸ್ಪಾರ್ಟಾ, ಜೊತೆಗೆ ಕರಾಕಸ್ ಮಹಾನಗರದ ಮೇಯರ್ ಪಟ್ಟ ಅಂತೋನಿಯೊ ಲೆದೆಸ್ಮಾಗೆ. ಜನ ಜಾಸ್ತಿ ಇರೋ, ಎಣ್ಣೆ, ಕಾರ್ಖಾನೆ, ಬಂದರು ಇರೋ ಜಾಗಗಳೇ ಹೆಚ್ಚು ಕಡಿಮೆ ಎಲ್ಲಾ ಹೋದ್ವು. ಮಿರಾಂಡಾದಲ್ಲಿ ಸೋತಿದ್ದು ಯಾರೋ ಎತ್ತೋ ಅಲ್ಲ, ದಿಯೊಸ್ದಾದೊ ಕಾಬೆಯೊ, 1992ರಲ್ಲಿ ಚಾವೆಜ್ ಸೈನ್ಯದಲ್ಲಿದ್ದಾಗ ಎಬ್ಬಿಸಿದ ದಂಗೆಯಿಂದ ಅವನ ಜೊತೇಲಿದ್ದವನು. ಸೋಲಿಸಿದ್ದು ಎನ್ರಿಕೆ ಕಾಪ್ರಿಲೆಸ್, ಇವನೇ ಮುಂದೆ 2012ರಲ್ಲಿ ಚಾವೆಜ್ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದು. ಪೆತಾರೆ ಅಂತ ಕರಾಕಸ್ ಪಕ್ಕದ ಭಾರಿ ಸ್ಲಂ ಇರೋ ಸುಕ್ರೆ ಮುನಿಸಿಪಾಲಿಟಿ ಕೂಡ ಕೈ ತಪ್ತು. ಅಲ್ಲಿ ಜನ ಸೋತು ಸುಣ್ಣವಾಗಿದ್ದು ಕೊಲೆ ಸುಲಿಗೆ, ಎತ್ತದೆ ಬಿದ್ದಿರೋ ಕಸ, ಇವುಗಳಿಂದ. ಸಾಮ್ರಾಜ್ಯಶಾಹಿ ವಿರುದ್ಧ ಭಾಷಣ ಮಾಡಿದ್ರೆ ಕಸ ಹೋಗಲ್ವಲ್ಲ.

ಆದ್ರೆ ಎಲ್ಲಕ್ಕಿಂತ ಚೆನ್ನಾಗಿರೋದು ಕಾರಾಬೊಬೊ ಕಥೆ. ಅಲ್ಲಿ ಗವರ್ನರ್ ಆಗಿದ್ದವನು ಲೂಯಿಸ್ ಫೆಲಿಪೆ ಅಕೋಸ್ತಾ ಕಾರ್ಲೆಸ್, ಸೇನೆಯ ಜನರಲ್. 2003ರ ಜನವರಿ, ದೇಶದಲ್ಲಿ ದೊಡ್ಡ ಮುಷ್ಕರ, ಅಂಗಡೀಲಿ ಸಾಮಾನಿಲ್ಲ, ಈತ ಯೂನಿಫಾರ್ಮಲ್ಲೇ ವಲೆನ್ಸಿಯಾದ ಕೋಕಾಕೋಲಾ ಬಾಟ್ಲಿಂಗ್ ಗೋಡೌನಿಗೆ ನುಗ್ಗಿ ದಾಸ್ತಾನು ಜಪ್ತಿ ಮಾಡಿ, ಒಂದು ಬಾಟ್ಲಿ ಎತ್ತಿ ಕುಡಿದು, ಟಿವಿ ಕ್ಯಾಮೆರಾ ಮುಂದೆ ಜೋರಾಗಿ ತೇಗಿದ. ಆ ಒಂದು ತೇಗಿನಿಂದ ಸ್ಟಾರ್ ಆದ, 2004ರಲ್ಲಿ ಗವರ್ನರೂ ಆದ. 2008ಕ್ಕೆ ಪಕ್ಷ ಅವನಿಗೆ ಟಿಕೆಟ್ ಕೊಡದೆ ಮಾರಿಯೊ ಸಿಲ್ವಾ ಅನ್ನೋನಿಗೆ ಕೊಡ್ತು. ಸಿಲ್ವಾ ಯಾರು ಅಂದ್ರೆ ಸರ್ಕಾರಿ ಚಾನೆಲಲ್ಲಿ ರಾತ್ರಿ ಹೊತ್ತು ಲಾ ಒಹಿಯಾ ಅಂತ ಪ್ರೋಗ್ರಾಂ ನಡೆಸ್ತಿದ್ದವನು, ಕೆಲಸಾನೇ ವಿರೋಧಿಗಳನ್ನ ಜಾಡಿಸೋದು. ಜನರಲ್ ಬಗ್ಗಲಿಲ್ಲ, ಉಚ್ಚಾಟನೆ ಮಾಡಿದ್ರೂ ಕಣದಲ್ಲಿ ನಿಂತೇ ನಿಂತ. ಮತ ಎಣಿಸಿ ನೋಡಿದ್ರೆ ವಿರೋಧಿ ಎನ್ರಿಕೆ ಸಾಲಸ್ ಫೆಯೊ ಸಿಲ್ವಾನ ಸೋಲಿಸಿದ್ದು ಸುಮಾರು 3 ಪರ್ಸೆಂಟಲ್ಲಿ, ತೇಗು ಜನರಲ್ ತಗೊಂಡಿದ್ದು ಅದರ ಡಬಲ್. ಟ್ಯಾಂಕ್ ಬಿಡ್ತೀನಿ ಅಂತ ಯಾವ ರಾಜ್ಯದಲ್ಲಿ ಹೇಳಿದ್ನೋ ಅದೇ ರಾಜ್ಯಾನ ಸ್ವಂತ ಮನೆಯವನ ಕೈಲೇ ಕಳ್ಕೊಂಡ.

ಹಾಗಾದ್ರೆ ಟ್ಯಾಂಕ್ ಬಂತಾ?
*– ಅದೇ ಓದುಗರು, ಇನ್ನೊಂದು ಮೆಸೇಜಲ್ಲಿ*

ಇಲ್ಲ. ಅವತ್ತು ರಾತ್ರಿ ಚಾವೆಜ್ ಫಲಿತಾಂಶ ಒಪ್ಕೊಂಡ, ನೋಡಿ ನಮ್ಮಲ್ಲಿ ಪ್ರಜಾಪ್ರಭುತ್ವ ಎಷ್ಟು ಚೆನ್ನಾಗಿದೆ ಅಂದ. ಭಯ ಬಿದ್ದಿದ್ದವರೆಲ್ಲ ಉಸಿರು ಬಿಟ್ರು.

ಆದ್ರೆ ಬೈಗುಳ ಸುಮ್ನೆ ಬಾಯಿ ಚಪಲ ಅಂದ್ಕೊಂಡವರು ಅಲ್ಲೇ ಮೋಸ ಹೋದ್ರು. ಟ್ಯಾಂಕ್ ಬದಲು ಬಂದಿದ್ದು ಗೆಜೆಟ್, ಅಂದ್ರೆ ಕಾನೂನು. 2009ರ ಮಾರ್ಚಲ್ಲಿ ಸಂಸತ್ತು ಒಂದು ಕಾನೂನು ತಿದ್ದಿತು, ಬಂದರು, ಏರ್‌ಪೋರ್ಟು, ಹೆದ್ದಾರಿ ಎಲ್ಲಾ ರಾಜ್ಯಗಳ ಕೈಯಿಂದ ಕೇಂದ್ರಕ್ಕೆ ವಾಪಸ್. ಅದರ ಹಿಂದೇನೇ ಮಾರಕೈಬೊ, ಪುಯೆರ್ಟೊ ಕಾಬೆಯೊ ಬಂದರಿಗೆ ನೌಕಾಪಡೆ ಹೋಗಿ ನಿಂತ್ಕೊಳ್ತು, ಅಡ್ಡ ಬಂದ ಗವರ್ನರಿಗೆ ಜೈಲು ಅಂತ ಚಾವೆಜ್ ಎಚ್ಚರಿಕೆ ಕೊಟ್ಟ. ಒಂದು ಸೂಲಿಯಾದ್ದು, ಇನ್ನೊಂದು ಕಾರಾಬೊಬೊದ್ದು, ಎರಡೂ ಕೈ ತಪ್ಪಿದ ರಾಜ್ಯ. ಬಂದರಿನ ಸುಂಕ ಬಾಡಿಗೆ ಎಲ್ಲಾ ರಾಜ್ಯಕ್ಕೆ ಸ್ವಂತ ದುಡ್ಡು, ಆ ಹಾಸನದ ಹುಡುಗಿಗೆ ನೆನಪಿಟ್ಕೊಳ್ಳಿ ಅಂದಿದ್ದು ಇದಕ್ಕೇ.

ಏಪ್ರಿಲಲ್ಲಿ ಕರಾಕಸ್ ಸರದಿ. ರಾಜಧಾನಿ ಜಿಲ್ಲೆ ಅಂತ ಹೊಸದೊಂದು ಹುಟ್ಟಿಸಿ ಅದಕ್ಕೊಬ್ಬ ಮುಖ್ಯಸ್ಥೆಯನ್ನ ಅಧ್ಯಕ್ಷನೇ ನೇಮಿಸಿದ, ಹಾಕ್ಲೀನ್ ಫರಿಯಾ ಅಂತ ಅವರ ಹೆಸರು. ಮೇಯರ್ ಲೆದೆಸ್ಮಾ ಹತ್ರ ಇದ್ದ ಬಜೆಟ್ಟು, ಅಧಿಕಾರ ಬಹುಪಾಲು ಅಲ್ಲಿಗೆ ಹೋಯ್ತು. ಜನ ಗೆಲ್ಲಿಸಿದ ಮೇಯರ್‌ಗೆ ನೌಕರರ ಸಂಬಳ ಕೊಡೋಕೂ ಕಾಸಿಲ್ಲ, ಜುಲೈನಲ್ಲಿ ಲೆದೆಸ್ಮಾ ಅಮೆರಿಕ ಖಂಡದ ದೇಶಗಳ ಒಕ್ಕೂಟದ ಕರಾಕಸ್ ಆಫೀಸಲ್ಲಿ ಉಪವಾಸ ಕೂತ. ಮಹಾನಗರದ ಮೇಯರ್ ಸಂಬಳಕ್ಕೋಸ್ಕರ ಉಪವಾಸ ಕೂರೋದು!

ರೊಸಾಲೆಸ್ ಮಾರಕೈಬೊ ಮೇಯರ್ ಆಗಿ ಗೆದ್ದ, ಡಿಸೆಂಬರಲ್ಲೇ ಅಕ್ರಮ ಆಸ್ತಿ ಕೇಸು ಎದ್ದಿತು, ಏಪ್ರಿಲಿಗೆ ಪೆರುಗೆ ಓಡಿಹೋಗಿ ಆಶ್ರಯ ಪಡೆದ. 2015ರಲ್ಲಿ ವಾಪಸ್ ಬಂದ ದಿನಾನೇ ಅರೆಸ್ಟು. ಅವನ ಮೇಲಿನ ಆರೋಪ ನಿಜಾನೋ ಸುಳ್ಳೋ ಅದು ಬೇರೆ ಮಾತು, ಆದ್ರೆ ಶಿಕ್ಷೆ ಮೊದಲು ಸ್ಟೇಜ್ ಮೇಲೆ ಘೋಷಣೆ ಆಗಿ ಆಮೇಲೆ ಕೇಸು ಬಂದ್ರೆ ಅದನ್ನ ತನಿಖೆ ಅನ್ನೋಕೆ ಬಾಯಿ ಬರಲ್ಲ.

ಎಲೆಕ್ಷನ್‌ಗೆ ಮುಂಚೇನೂ ಹಿಂಗೇ ಒಂದು ಫೈಲ್ ಓಡಾಡಿತ್ತು ನೋಡಿ. ಮಹಾಲೆಕ್ಕಪರಿಶೋಧಕ ಕ್ಲೊದೊಸ್ಬಾಲ್ದೊ ರುಸ್ಸಿಯಾನ್ ಸುಮಾರು 270 ಜನಕ್ಕೆ ಚುನಾವಣೆಗೆ ನಿಲ್ಲಂಗಿಲ್ಲ ಅಂತ ನಿಷೇಧ ಹಾಕಿದ್ದ, ಕೋರ್ಟಲ್ಲಿ ಶಿಕ್ಷೆ ಆಗದೇನೇ. ಪಟ್ಟೀಲಿ ಚಾವೆಜ್ ಕಡೆಯವರೂ ಇದ್ರು ಅನ್ನೋದು ನಿಜ. ಆದ್ರೆ ಕರಾಕಸ್ ಮೇಯರ್ ಆಗೋ ಚಾನ್ಸ್ ಇದ್ದ ಲಿಯೊಪೋಲ್ದೊ ಲೋಪೆಜ್ ಅದರಲ್ಲೇ ಸಿಕ್ಕಾಕೊಂಡ. ಅಮೆರಿಕ ಖಂಡದ ದೇಶಗಳ ಮಾನವ ಹಕ್ಕು ಕೋರ್ಟು ಅದು ತಪ್ಪು ಅಂತ ಹೇಳಿದ್ದು 2011ರಲ್ಲಿ, ಯಾರಿಗೆ ಬಂತು ಯಾಕೆ ಬಂತು.

ಇದೆಲ್ಲ ಓದ್ತಿದ್ರೆ ನಮ್ಮ ಒಬ್ಬ ಲೀಡರ್ ನೆನಪಾಗ್ತಾರೆ. ಯಾರು ಹೇಳಿ ನೋಡೋಣ?
*– ಓದುಗರು, ಮಂಡ್ಯ*

ನಿಮಗೆ ಒಬ್ಬರೇ ನೆನಪಾದ್ರಲ್ಲ ಅದೇ ಆಶ್ಚರ್ಯ.

ನಿಮ್ಮ ಬರಹ ಏಕಪಕ್ಷೀಯ. 2002ರಲ್ಲಿ ಚುನಾಯಿತ ಅಧ್ಯಕ್ಷನನ್ನ ಸೇನೆ ಹಿಡಿದು ಕೂರಿಸಿದಾಗ ಈ ಡೆಮಾಕ್ರಸಿ ಎಲ್ಲಿತ್ತು? ಚಾವೆಜ್ ಸಿಟ್ಟಿಗೆ ಕಾರಣ ಇರಲಿಲ್ವಾ?
*– ಕಾರ್ಮಿಕ ಸಂಘಟನೆಯವರು, ಮಂಗಳೂರು*

ಇತ್ತು, ಒಪ್ಪಿದೆ ಸಾರ್. 2002ರ ಏಪ್ರಿಲ್ 11ರಿಂದ 13ರ ತನಕ ನಡೆದಿದ್ದು ಪಕ್ಕಾ ದಂಗೆ. ಪೆದ್ರೊ ಕಾರ್ಮೋನಾ ಅನ್ನೋ ಉದ್ಯಮಿಗಳ ಸಂಘದ ಅಧ್ಯಕ್ಷ ತಾನೇ ದೇಶದ ಅಧ್ಯಕ್ಷ ಅಂತ ಪ್ರಮಾಣ ತಗೊಂಡು ಒಂದೇ ಸಹಿಯಲ್ಲಿ ಸಂಸತ್ತು, ಸುಪ್ರೀಂ ಕೋರ್ಟು ಎಲ್ಲಾ ವಿಸರ್ಜನೆ ಮಾಡಿಬಿಟ್ಟ. ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ಇದೇ ರೊಸಾಲೆಸ್ ಒಬ್ಬ. 2005ರ ಸಂಸತ್ ಚುನಾವಣೇನ ವಿರೋಧಿಗಳು ತಾವೇ ಬಹಿಷ್ಕಾರ ಮಾಡಿ ಇಡೀ ಸಂಸತ್ತನ್ನ ಚಾವೆಜ್ ಕೈಗೆ ಕೊಟ್ರು, ಆಮೇಲೆ ಯಾವ ಕಾನೂನು ತಿದ್ದಿದ್ರೂ ತಡೆಯೋರಿಲ್ಲ. ಹಾಗಾಗಿ ಇವರು ಗೆದ್ರೆ ನನ್ನ ಮೇಲೇ ಬರ್ತಾರೆ, ಯುದ್ಧ ಆಗುತ್ತೆ ಅಂತ 2008ರಲ್ಲಿ ಚಾವೆಜ್ ಹೇಳಿದಾಗ ಅದು ಪೂರ್ತಿ ಕಟ್ಟುಕಥೆ ಅಂತ ನಾನೂ ಹೇಳಲ್ಲ.

ಆದ್ರೆ ಒಂದು ಮಾತು. ಆ ವಾದ ಕಮ್ಯುನಿಸ್ಟರಿಗೆ ಹೆಂಗೆ ಹೊಂದುತ್ತೆ? ದಂಗೆ ಟೈಮಲ್ಲಿ ಚಾವೆಜ್ ಪರ ಬೀದಿಗೆ ಇಳಿದವರಲ್ಲಿ ಅವರೂ ಇದ್ರು. ಅವರನ್ನೂ ಗುಡಿಸಿ ಹಾಕ್ತೀನಿ ಅಂದ್ರೆ ಸಿಟ್ಟು 2002ರದ್ದಲ್ಲ.

ನಮಗೂ ವೆನೆಜುವೆಲಾಗೂ ಏನು ಸಂಬಂಧ? ಪುಟ ತುಂಬಿಸೋಕೆ ಹಾಕಿದ್ರಾ?
*– ಓದುಗರು, ಬೆಂಗಳೂರು*

ಪುಟ ತುಂಬಿಸೋಕೆ ನಿಮ್ಮ ಪತ್ರಗಳೇ ಸಾಕು. ಸಂಬಂಧ ಇದೆ: ಅದೇ 2008ರಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಕಂಪನಿ ಅಲ್ಲಿನ ಸಾನ್ ಕ್ರಿಸ್ತೋಬಾಲ್ ಎಣ್ಣೆ ಪ್ರದೇಶದಲ್ಲಿ 40 ಪರ್ಸೆಂಟ್ ಪಾಲು ತಗೊಳ್ತು, ನಮ್ಮ ನಿಮ್ಮ ದುಡ್ಡೇ. 2005ರ ಮಾರ್ಚಲ್ಲಿ ಚಾವೆಜ್ ಭಾರತಕ್ಕೂ ಬಂದಿದ್ದ, ಕೋಲ್ಕತ್ತಾದಲ್ಲಿ ಭಾರಿ ಸ್ವಾಗತ. ಎಣ್ಣೆ ರೇಟಂತೂ ಈ ಕಥೇಲಿ ದೊಡ್ಡ ಪಾತ್ರಾನೇ, 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ್ದು ನವೆಂಬರ್ ಎಲೆಕ್ಷನ್ ಹೊತ್ತಿಗೆ 50ರ ಆಸುಪಾಸಿಗೆ ಬಿದ್ದಿತ್ತು, ಖಜಾನೆ ಕರಗ್ತಾ ಇದ್ದಾಗ ದನಿ ಏರಿದ್ದು ಕಾಕತಾಳೀಯ ಅಂತ ನನಗಂತೂ ಅನ್ನಿಸಲ್ಲ.

ಆ ಬೈಸ್ಕೊಂಡ ಮಿತ್ರಪಕ್ಷಗಳು ಏನಾದ್ವು? ನಿಜವಾಗ್ಲೂ ನಕ್ಷೆಯಿಂದ ಹೋದ್ವಾ?
*– ಪತ್ರಿಕೋದ್ಯಮ ವಿದ್ಯಾರ್ಥಿ, ಕಲಬುರಗಿ*

ಒಳ್ಳೇ ಪ್ರಶ್ನೆ ಕಣಪ್ಪ, ಉಳಿದವರು ಇದನ್ನ ಕೇಳಲೇ ಇಲ್ಲ.

ವೋಟಿನಲ್ಲಿ ಹೋಗಲಿಲ್ಲ. 2009ರ ಫೆಬ್ರವರಿ 15ಕ್ಕೆ ಅಧ್ಯಕ್ಷ ಎಷ್ಟು ಸಲ ಬೇಕಾದ್ರೂ ನಿಲ್ಲಬಹುದು ಅನ್ನೋ ತಿದ್ದುಪಡಿಗೆ ಚಾವೆಜ್ ಮತ್ತೆ ಜನಮತಕ್ಕೆ ಹೋದ, ಸುಮಾರು 55 ಪರ್ಸೆಂಟಲ್ಲಿ ಗೆದ್ದ, ಆಗ ಬೈಸ್ಕೊಂಡ ಪಿಪಿಟಿ ಮತ್ತು ಕಮ್ಯುನಿಸ್ಟರು ಇಬ್ಬರೂ ಬಂದು ಪರವಾಗೇ ನಿಂತ್ರು. ಆಮೇಲೆ 2010ರಲ್ಲಿ ಲಾರಾ ರಾಜ್ಯದ ಗವರ್ನರ್ ಎನ್ರಿ ಫಾಲ್ಕೊನ್ ಚಾವೆಜ್ ಪಕ್ಷ ಬಿಟ್ಟು ಪಿಪಿಟಿ ಸೇರಿದ, ಪಿಪಿಟಿ ದೂರ ಸರೀತು. 2012ರಲ್ಲಿ ಅಧ್ಯಕ್ಷ ಚುನಾವಣೆ ಹತ್ರ ಬಂದಾಗ ಸುಪ್ರೀಂ ಕೋರ್ಟು ಪಿಪಿಟಿ ಹೆಸರು, ಚಿಹ್ನೆ ಎಲ್ಲಾ ಅದರೊಳಗಿದ್ದ ಚಾವೆಜ್ ಪರ ಬಣಕ್ಕೆ ಕೊಟ್ಟುಬಿಡ್ತು, ಪೊದೆಮೊಸ್‌ಗೂ ಅದೇ ಗತಿ. ಬೋರ್ಡ್ ಉಳೀತು, ಒಳಗಿದ್ದವರು ಹೊರಗೆ.

ಕಮ್ಯುನಿಸ್ಟರು ಮಾತ್ರ ಕೊನೇ ತನಕ ಚಾವೆಜ್ ಜೊತೆ ಇದ್ರು, 2012ರಲ್ಲಿ ತಮ್ಮ ಚಿಹ್ನೇಲೇ ಅವನಿಗೆ ನಾಲ್ಕು ಲಕ್ಷಕ್ಕೂ ಮೇಲೆ ವೋಟು ತಂದುಕೊಟ್ರು. 2013ರ ಮಾರ್ಚ್ 5ಕ್ಕೆ ಚಾವೆಜ್ ತೀರ್ಕೊಂಡ, ಅವನ ಜಾಗಕ್ಕೆ ಬಂದ ಮದುರೊ ಜೊತೆ ಅವರ ಸಂಬಂಧ ಹಳಸ್ತು, 2020ರಲ್ಲಿ ಬೇರೆ ನಿಂತ್ರು. 2023ರ ಆಗಸ್ಟಲ್ಲಿ ಅದೇ ಸುಪ್ರೀಂ ಕೋರ್ಟು ಕಮ್ಯುನಿಸ್ಟ್ ಪಕ್ಷದ ಆಡಳಿತ ಮಂಡಳೀನ ತೆಗೆದು ತಾನೇ ಹೊಸಬರನ್ನ ಕೂರಿಸ್ತು. 1931ರಿಂದ ನಡೆದುಬಂದ ಪಕ್ಷ, ಕೋಳಿ ಹುಂಜದ ಚಿಹ್ನೆ, ಎಲ್ಲಾ ಕೋರ್ಟ್ ಕೂರಿಸಿದವರ ಕೈಗೆ ಹೋಯ್ತು. ಹದಿನೈದು ವರ್ಷ ತಗೊಳ್ತು ಅಷ್ಟೇ.

(ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸೋರು ದಯವಿಟ್ಟು ಒಂದು ಮೆಸೇಜಿಗೆ ಒಂದೇ ಪ್ರಶ್ನೆ ಹಾಕಿ. ವಾಯ್ಸ್ ನೋಟ್ ಬೇಡ.)